ಕಟ್ಟಿದವರೇ ಬಿಚ್ಚಬೇಕು

ವಿಂಡೋಸ್ ಮತ್ತು ಉಬುಂಟು ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಒಂದು ಸಿಸ್ಟಂನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸನ್ನೋ ವಿಎಂವೇರನ್ನೋ ಅನ್‌ಇನ್‌ಸ್ಟಾಲ್ ಮಾಡಿ ಎಷ್ಟೋ ಕಾಲವಾಗಿದೆ. ಆದರೂ ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ 192.168.56.1 ಎಂಬ ವಿಳಾಸದ ಅಡಾಪ್ಟರ್ ಒಂದು ಕೂತೇ ಇದೆ. ಉಬುಂಟುವಿನಲ್ಲಿ ಹೊಸ ಕರ್ನಲ್ ಬಂದಾಗಲೆಲ್ಲ ಯಾವುದೋ ಮಾಡ್ಯೂಲ್ ಸಿದ್ಧವಾಗಲಿಲ್ಲವೆಂದು ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಡಿಸ್ಕಿನಲ್ಲಿ ಜಾಗವೂ ವಾಪಸ್ ಬಂದಿಲ್ಲ. ತೆಗೆದದ್ದು ನಿಜವಾಗಿ ಹೋಯಿತೇ? ಹೋಗಿಲ್ಲವಾದರೆ ಬೇರುಸಹಿತ ಕೀಳುವುದು ಹೇಗೆ? ಇದಕ್ಕೆ ಸಿಗುವ ಸಾಮಾನ್ಯ ಉತ್ತರವೆಂದರೆ, ಆ ತಂತ್ರಾಂಶದ ಹೆಸರು ಹಾಕಿ ಹುಡುಕಿ, ಸಿಕ್ಕಿದ್ದನ್ನೆಲ್ಲ ಅಳಿಸಿ ಎಂಬುದು. ಆ ಉತ್ತರ ತಪ್ಪು, ಡ್ಯುಯಲ್ ಬೂಟ್ ಕಂಪ್ಯೂಟರಿನಲ್ಲಂತೂ ಅಪಾಯಕಾರಿ ಎಂಬುದು ನನ್ನ ವಾದ. ಉಳಿದುಕೊಂಡ ಪ್ರತಿಯೊಂದು ವಸ್ತುವಿಗೂ ಅದನ್ನು ಅಲ್ಲಿಟ್ಟ ಒಬ್ಬ ವಾರಸುದಾರ ಇದ್ದಾನೆ. ಆತ ಯಾರೆಂದು ಪತ್ತೆ ಮಾಡಿ ಆತನ ಕೈಯಿಂದಲೇ ತೆಗೆಸಿದರೆ ಮಾತ್ರ ಸಿಸ್ಟಂ ಸ್ವಚ್ಛವಾಗುತ್ತದೆ.

ಈ ತೊಂದರೆ ಇಂಥ ತಂತ್ರಾಂಶಗಳಿಗೇ ಏಕೆ ಹೆಚ್ಚು? ಫೋಟೊ ತಿದ್ದುವ, ಹಾಡು ಕೇಳಿಸುವ ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ ಎಲ್ಲೆಯೊಳಗೆ ಕೆಲಸ ಮಾಡುತ್ತವೆ. ಒಂದು ಸಿಸ್ಟಂನ ಒಳಗೆ ಇನ್ನೊಂದನ್ನು ಓಡಿಸಬೇಕಾದ ತಂತ್ರಾಂಶಕ್ಕೆ ಅಷ್ಟು ಸಾಲದು. ಇಂಟೆಲ್ 2005ರಲ್ಲಿ ವಿಟಿ-ಎಕ್ಸ್, ಎಎಂಡಿ 2006ರಲ್ಲಿ ಎಎಂಡಿ-ವಿ ಎಂಬ ಸೌಲಭ್ಯಗಳನ್ನು ಪ್ರೊಸೆಸರಿನಲ್ಲೇ ಕೊಟ್ಟವು. ಅವನ್ನು ಬಳಸುವ ಅಧಿಕಾರ ಕರ್ನಲ್‌ಗೆ ಮಾತ್ರ ಇರುವುದರಿಂದ ತಂತ್ರಾಂಶ ತನ್ನದೊಂದು ಡ್ರೈವರನ್ನು ಕರ್ನಲ್ಲಿನ ಒಳಗೇ ಇಳಿಸುತ್ತದೆ. ಒಳಗಿನ ಯಂತ್ರಕ್ಕೆ ನೆಟ್‌ವರ್ಕ್ ಬೇಕೆಂದು ಸುಳ್ಳು ಅಡಾಪ್ಟರುಗಳನ್ನು ಸೃಷ್ಟಿಸುತ್ತದೆ, ನಿಮ್ಮ ನಿಜವಾದ ನೆಟ್‌ವರ್ಕ್ ಕಾರ್ಡಿನ ಮೇಲೆ ಒಂದು ಫಿಲ್ಟರ್ ಕೂರಿಸುತ್ತದೆ, ಯುಎಸ್‌ಬಿಗೆ ಮತ್ತೊಂದು ಡ್ರೈವರ್ ಹಾಕುತ್ತದೆ. ಜರ್ಮನಿಯ ಇನ್ನೋಟೆಕ್ ಕಂಪನಿ 2007ರಲ್ಲಿ ವರ್ಚುವಲ್‌ಬಾಕ್ಸ್ ಬಿಡುಗಡೆ ಮಾಡಿತು. ಅದು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ಗೆ, 2010ರಲ್ಲಿ ಆರಾಕಲ್‌ಗೆ ಹೋಯಿತು. ಒಡೆಯರು ಬದಲಾದರೂ ಒಳಗಿನ ಈ ಏರ್ಪಾಡು ಹಾಗೇ ಉಳಿಯಿತು. ವಿಎಂವೇರ್‌ನದ್ದೂ ಹೆಚ್ಚುಕಡಿಮೆ ಇದೇ ರೀತಿ. ಹಾಗಾಗಿ ಮೆನುವಿನಿಂದ ಐಕಾನ್ ಮಾಯವಾದ ಮಾತ್ರಕ್ಕೆ ಏನೂ ಮುಗಿಯುವುದಿಲ್ಲ.

ಮದುವೆ ಮುಗಿದ ಮೇಲೆ ಚಪ್ಪರವನ್ನು ಕಟ್ಟಿದವರೇ ಬಿಚ್ಚಿದರೆ ಗಂಟು ಎಲ್ಲೆಲ್ಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರು ಎಳೆದರೆ ಮನೆಯ ಸೂರಿನ ಹೆಂಚೂ ಬರಬಹುದು. ಲಿನಕ್ಸಿನಲ್ಲಿ ಈ ಮಾತು ಅಕ್ಷರಶಃ ನಿಜ. ಉಬುಂಟುವಿನಲ್ಲಿ ವರ್ಚುವಲ್‌ಬಾಕ್ಸ್ ಮೂರು ದಾರಿಗಳಲ್ಲಿ ಬಂದಿರಬಹುದು: ಉಬುಂಟುವಿನದೇ ಭಂಡಾರದಿಂದ, ಆರಾಕಲ್ ಕೊಡುವ ಪ್ಯಾಕೇಜಿನಿಂದ, ಇಲ್ಲವೇ ಆರಾಕಲ್‌ನ ರನ್ ಕಡತದಿಂದ. ಮೊದಲ ಎರಡರ ಲೆಕ್ಕ ಎಪಿಟಿ ಎಂಬ ಪ್ಯಾಕೇಜ್ ಮ್ಯಾನೇಜರ್ ಬಳಿ ಇರುತ್ತದೆ. ಮೂರನೆಯದರ ಸುದ್ದಿಯೇ ಅದಕ್ಕೆ ಗೊತ್ತಿರುವುದಿಲ್ಲ. ರೂಟಿನ ಕೆಳಗಿನ ಒಪಿಟಿ ಫೋಲ್ಡರಿನಲ್ಲಿ ವರ್ಚುವಲ್‌ಬಾಕ್ಸ್ ತಾನೇ ಇಟ್ಟುಕೊಂಡ ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಓಡಿಸಿದರಷ್ಟೇ ಅದು ಹೋಗುತ್ತದೆ. ಎಷ್ಟೋ ಮಂದಿ ರನ್ ಕಡತದಿಂದ ಹಾಕಿದ್ದನ್ನು ಎಪಿಟಿಯಿಂದ ತೆಗೆಯಲು ಹೋಗಿ, ಅಂಥ ಪ್ಯಾಕೇಜೇ ಇಲ್ಲ ಎಂಬ ಉತ್ತರ ನೋಡಿ, ಹೋಗಿದೆ ಎಂದುಕೊಳ್ಳುತ್ತಾರೆ. ಎಪಿಟಿಯಿಂದಲೇ ಹಾಕಿದ್ದರೂ ರಿಮೂವ್ ಮತ್ತು ಪರ್ಜ್ ಎಂಬ ಎರಡು ಆಜ್ಞೆಗಳ ನಡುವೆ ಅಂತರವಿದೆ. ರಿಮೂವ್ ತಂತ್ರಾಂಶವನ್ನು ತೆಗೆದು ಸಿಸ್ಟಂ ಮಟ್ಟದ ಸೆಟ್ಟಿಂಗ್ ಕಡತಗಳನ್ನು ಬಿಡುತ್ತದೆ. ಹಾಗೆ ಬಿಟ್ಟುಹೋದ ಪ್ಯಾಕೇಜುಗಳು ಎಪಿಟಿಯ ತಳದಲ್ಲಿರುವ ಡಿಪಿಕೆಜಿಯ ಪಟ್ಟಿಯಲ್ಲಿ ಆರ್‌ಸಿ ಎಂಬ ಎರಡಕ್ಷರದ ಗುರುತಿನೊಂದಿಗೆ ಕಾಣುತ್ತವೆ. ಪರ್ಜ್ ಅವನ್ನೂ ತೆಗೆಯುತ್ತದೆ.

ಅಪ್‌ಡೇಟ್ ಅರ್ಧಕ್ಕೆ ನಿಲ್ಲುವುದರ ಹಿಂದೆ ಸಾಮಾನ್ಯವಾಗಿ ಇರುವುದು ಡಿಕೆಎಂಎಸ್ ಎಂಬ ವ್ಯವಸ್ಥೆ. ಲಿನಕ್ಸಿನಲ್ಲಿ ಕರ್ನಲ್ ಬದಲಾದಾಗ ಹೊರಗಿನವರ ಮಾಡ್ಯೂಲನ್ನು ಹೊಸದಾಗಿ ಕಂಪೈಲ್ ಮಾಡಬೇಕಾಗುತ್ತದೆ, ಡಿಕೆಎಂಎಸ್ ಅದನ್ನು ತಾನಾಗಿ ಮಾಡುತ್ತದೆ. ಹಳೆಯ ವರ್ಚುವಲ್‌ಬಾಕ್ಸಿನ ಮೂಲಸಂಕೇತ ಅಲ್ಲಿ ದಾಖಲಾಗಿ ಉಳಿದಿದ್ದರೆ, ಪ್ರತಿ ಹೊಸ ಕರ್ನಲ್ಲಿಗೂ ಅದನ್ನು ಕಂಪೈಲ್ ಮಾಡಲು ಯತ್ನಿಸಿ ಒಂದು ದಿನ ಸೋಲುತ್ತದೆ. ಸೋತಾಗ ಕರ್ನಲ್ ಪ್ಯಾಕೇಜಿನ ಸ್ಥಾಪನೆಯೇ ಅಪೂರ್ಣವಾಗಿ ಉಳಿಯುವುದುಂಟು. ಬಳಸುವುದನ್ನು ಬಿಟ್ಟ ತಂತ್ರಾಂಶವೊಂದು ಇಡೀ ಸಿಸ್ಟಂನ ಭದ್ರತಾ ಅಪ್‌ಡೇಟನ್ನು ತಡೆದು ಕೂರುವುದೆಂದರೆ ಇದೇ. ಡಿಕೆಎಂಎಸ್‌ನ ಸ್ಟೇಟಸ್ ಕೇಳಿದರೆ ಯಾರ ಯಾರ ಮಾಡ್ಯೂಲ್ ಯಾವ ಯಾವ ಕರ್ನಲ್ಲಿಗೆ ದಾಖಲಾಗಿದೆ ಎಂದು ಅದೇ ಹೇಳುತ್ತದೆ. ತೆಗೆಯುವ ಆಜ್ಞೆಯೂ ಅದರಲ್ಲೇ ಇದೆ. ಫೋಲ್ಡರನ್ನು ಕೈಯಿಂದ ಅಳಿಸಿದರೆ ದಾಖಲೆ ಉಳಿದು ದೂರು ಮುಂದುವರಿಯಬಹುದು.

ಹೆಸರು ಹಿಡಿದು ಹುಡುಕುವುದರ ಅಪಾಯಕ್ಕೆ ಒಳ್ಳೆಯ ಸಾಕ್ಷಿ ಉಬುಂಟುವಿನ ಮಾಡ್ಯೂಲ್ ಫೋಲ್ಡರಿನಲ್ಲೇ ಇದೆ. ಎಲ್ಲವನ್ನೂ ತೆಗೆದ ಮೇಲೂ ವಿಬಾಕ್ಸ್ ಎಂದು ಹುಡುಕಿದರೆ ವಿಬಾಕ್ಸ್‌ಗೆಸ್ಟ್ ಎಂಬ ಕಡತ ಸಿಗುತ್ತದೆ. ಉಳಿಕೆ ಸಿಕ್ಕಿತೆಂದು ಅದನ್ನು ಅಳಿಸುವವರಿದ್ದಾರೆ. ಆದರೆ ಅದು ವರ್ಚುವಲ್‌ಬಾಕ್ಸ್ ಇಟ್ಟ ಕಡತವಲ್ಲ, 2018ರ 4.16ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್ಲಿನ ಭಾಗವಾಗಿಯೇ ಬರುತ್ತಿದೆ, ವರ್ಚುವಲ್‌ಬಾಕ್ಸನ್ನು ಒಮ್ಮೆಯೂ ಹಾಕದ ಕಂಪ್ಯೂಟರಿನಲ್ಲೂ ಇರುತ್ತದೆ. ದಾರಿಯನ್ನು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಮಾಡ್ಯೂಲುಗಳ ಫೋಲ್ಡರಿನಲ್ಲಿ ಕರ್ನಲ್ ಎಂಬ ಉಪಫೋಲ್ಡರಿನ ಒಳಗಿದ್ದರೆ ಅದು ಸಿಸ್ಟಂನ ಸ್ವಂತದ್ದು. ಅಪ್‌ಡೇಟ್ಸ್ ಅಥವಾ ಮಿಸ್ಕ್ ಎಂಬ ಉಪಫೋಲ್ಡರಿನಲ್ಲಿದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಆದದ್ದು, ಅಂದರೆ ನಿಜವಾದ ಉಳಿಕೆ. ಅನುಮಾನವಿದ್ದರೆ ಈ ಕಡತ ಯಾವ ಪ್ಯಾಕೇಜಿನದ್ದು ಎಂದು ಡಿಪಿಕೆಜಿಯನ್ನೇ ಕೇಳಬಹುದು. ಲಿನಕ್ಸಿನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಕೆವಿಎಂ ವಿಷಯವೂ ಹೀಗೇ. 2007ರಿಂದ ಅದು ಕರ್ನಲ್ಲಿನಲ್ಲೇ ಇದೆ, ತಕ್ಕ ಪ್ರೊಸೆಸರ್ ಇದ್ದರೆ ತಾನಾಗಿ ಲೋಡ್ ಆಗುತ್ತದೆ. 2024ರ ನವೆಂಬರಿನಲ್ಲಿ ಬಂದ 6.12ನೇ ಕರ್ನಲ್ಲಿನಿಂದ ಈಚೆಗೆ ಅದು ಲೋಡ್ ಆದ ಕೂಡಲೇ ಪ್ರೊಸೆಸರಿನ ಸೌಲಭ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದರಿಂದ ವರ್ಚುವಲ್‌ಬಾಕ್ಸ್ ಏಳದೆ ದೋಷ ತೋರಿಸುವುದಿದೆ. ಆಗ ಹಳೆಯ ಉಳಿಕೆಯೊಂದು ಅಡ್ಡ ಬಂದಿದೆ ಎನಿಸುತ್ತದೆ. ನಿಜಕ್ಕೂ ಅಲ್ಲಿ ಅಳಿಸಬೇಕಾದದ್ದು ಏನೂ ಇಲ್ಲ. ಕರ್ನಲ್ಲಿಗೆ ಒಂದು ಸೆಟ್ಟಿಂಗ್ ಕೊಟ್ಟರೆ ಸಾಕು.

ವಿಂಡೋಸ್ ಕಡೆಗೆ ಬಂದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡುವುದೇ ಮೊದಲ ಹೆಜ್ಜೆ. ಅದು ಅರ್ಧಕ್ಕೆ ಸೋತರೆ ಅದೇ ಆವೃತ್ತಿಯನ್ನು ಮತ್ತೆ ಸ್ಥಾಪಿಸಿ ಆಮೇಲೆ ತೆಗೆಯುವುದು ಒಳ್ಳೆಯದು, ಕಾರಣ ಕಟ್ಟಿದವರೇ ಬಿಚ್ಚಬೇಕೆಂದು ಮೇಲೆ ಹೇಳಿದ್ದೇ. ಆಮೇಲೂ ಉಳಿಯುವುದು ಹೆಚ್ಚಾಗಿ ನೆಟ್‌ವರ್ಕಿನ ಭಾಗ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂಬ ಆಯ್ಕೆ ಒತ್ತಿದರೆ ವರ್ಚುವಲ್‌ಬಾಕ್ಸಿನ ಹೋಸ್ಟ್-ಓನ್ಲಿ ಅಡಾಪ್ಟರ್, ವಿಎಂವೇರಿನ ವಿಎಂನೆಟ್ 1 ಮತ್ತು ವಿಎಂನೆಟ್ 8 ಮಸುಕು ಬಣ್ಣದಲ್ಲಿ ಕಾಣಬಹುದು; ಅಲ್ಲಿಂದಲೇ ತೆಗೆಯಬಹುದು. ಇದಕ್ಕಿಂತ ತೊಡಕಿನದು ವೈಫೈ ಅಥವಾ ಈಥರ್ನೆಟ್ ಕಾರ್ಡಿನ ಪ್ರಾಪರ್ಟೀಸ್ ಪಟ್ಟಿಯಲ್ಲಿ ಕೂರುವ ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಡ್ರೈವರ್. ನಿಮ್ಮ ಕಂಪ್ಯೂಟರಿನಿಂದ ಹೊರಹೋಗುವ ಪ್ರತಿ ಪ್ಯಾಕೆಟ್ಟೂ ಅದರ ಮುಂದೆ ಹಾದುಹೋಗುತ್ತದೆ, ಆದ್ದರಿಂದ ಅದು ಕೆಟ್ಟರೆ ನೆಟ್‌ವರ್ಕೇ ಕೆಡುತ್ತದೆ. ಅದನ್ನು ಆ ಪಟ್ಟಿಯಲ್ಲೇ ಆಯ್ದು ಅನ್‌ಇನ್‌ಸ್ಟಾಲ್ ಒತ್ತಬೇಕು. ಡ್ರೈವರ್ ಸ್ಟೋರಿನಲ್ಲಿ ಪ್ರತಿ ಉಳಿದಿದ್ದರೆ ಅದನ್ನು ತೆಗೆಯಲು ವಿಂಡೋಸಿನದೇ ಪಿಎನ್‌ಪಿಯುಟಿಲ್ ಎಂಬ ಆಜ್ಞೆ ಇದೆ. ಇಷ್ಟಾದ ಮೇಲೆ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಮಾಡಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಲೋಡ್ ಮಾಡುತ್ತದೆ. ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಮುಂತಾದವು ವಿಂಡೋಸಿನವೇ ಸೌಲಭ್ಯಗಳು. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಅವುಗಳ ಮೇಲೆ ನಿಂತಿದೆ, ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಅದೇ ಹೈಪರ್‌ವೈಸರನ್ನು ಬಳಸುತ್ತದೆ. ಅವನ್ನು ಉಳಿಕೆಯೆಂದು ಭಾವಿಸಿ ಆಫ್ ಮಾಡಿದರೆ ಆ ಸೌಲಭ್ಯವೋ ರಕ್ಷಣೆಯೋ ಕಳಚಿಹೋಗಬಹುದು.

ಡ್ಯುಯಲ್ ಬೂಟ್ ಇರುವವರಿಗೆ ಇಲ್ಲೊಂದು ಅಡ್ಡದಾರಿ ಹೊಳೆಯುತ್ತದೆ. ವಿಂಡೋಸ್ ಓಡುತ್ತಿರುವಾಗ ಅದರ ಕಡತಗಳನ್ನು ಅಳಿಸಲು ಹೋದರೆ ಬಳಕೆಯಲ್ಲಿದೆ ಎನ್ನುತ್ತದೆ, ಅನುಮತಿ ಇಲ್ಲ ಎನ್ನುತ್ತದೆ. ಉಬುಂಟುವಿನಿಂದ ಅದೇ ಪಾರ್ಟಿಷನ್ ತೆರೆದರೆ ತಡೆಯುವವರೇ ಇಲ್ಲ. ಹಾಗಾದರೆ ಅಲ್ಲಿಂದಲೇ ಗುಡಿಸಿಹಾಕಿದರೆ ಸುಲಭವಲ್ಲವೇ ಎಂಬ ಪ್ರಶ್ನೆ ಸಹಜ. ಸುಲಭ ಹೌದು, ಆದರೆ ಅಳಿಯುವುದು ಕಡತ ಮಾತ್ರ. ಆ ಡ್ರೈವರನ್ನು ಬೂಟ್ ಸಮಯದಲ್ಲಿ ಎಬ್ಬಿಸು, ಈ ಫಿಲ್ಟರನ್ನು ನೆಟ್‌ವರ್ಕ್ ಕಾರ್ಡಿಗೆ ಜೋಡಿಸು ಎಂಬ ಸೂಚನೆಗಳು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಹಾಗೇ ಉಳಿಯುತ್ತವೆ. ಮುಂದಿನ ಬಾರಿ ವಿಂಡೋಸ್ ಎದ್ದಾಗ ಇಲ್ಲದ ಡ್ರೈವರನ್ನು ಹುಡುಕುತ್ತದೆ, ತೆಗೆಯಬೇಕಾದ ಅನ್‌ಇನ್‌ಸ್ಟಾಲರ್‌ಗೆ ತನ್ನ ಕಡತಗಳೇ ಸಿಗುವುದಿಲ್ಲ. ಸುಲಭದಲ್ಲಿ ಹೋಗಬಹುದಾಗಿದ್ದ ಉಳಿಕೆ ಈಗ ಕಗ್ಗಂಟಾಯಿತು. ಸಾಲದ್ದಕ್ಕೆ, ಫಾಸ್ಟ್ ಸ್ಟಾರ್ಟಪ್‌ನಿಂದ ಅರೆನಿದ್ರೆಯಲ್ಲಿರುವ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನ ಮೇಲೆ ಲಿನಕ್ಸಿನಿಂದ ಒತ್ತಾಯವಾಗಿ ಬರೆದರೆ ಪಾರ್ಟಿಷನ್ನಿನ ಲೆಕ್ಕವೇ ತಪ್ಪುವ ಅಪಾಯವಿದೆ. ಆದ್ದರಿಂದ ವಿಂಡೋಸಿನದನ್ನು ವಿಂಡೋಸಿನಲ್ಲಿ ನಿಂತು, ಉಬುಂಟುವಿನದನ್ನು ಉಬುಂಟುವಿನಲ್ಲಿ ನಿಂತು ತೆಗೆಯುವುದನ್ನು ನಿಯಮವಾಗಿಯೇ ಪಾಲಿಸಬೇಕು.

ಡ್ಯುಯಲ್ ಬೂಟಿಗಷ್ಟೇ ಸೇರಿದ ಇನ್ನೊಂದು ಸಂಗತಿಯತ್ತ ಹೆಚ್ಚಿನವರ ಗಮನ ಹೋಗುವುದಿಲ್ಲ. ರೀಬೂಟ್ ಮಾಡುವ ತಾಪತ್ರಯ ತಪ್ಪಿಸಲು, ಡಿಸ್ಕಿನಲ್ಲಿರುವ ನಿಜವಾದ ವಿಂಡೋಸ್ ಪಾರ್ಟಿಷನ್ನನ್ನೇ ಉಬುಂಟುವಿನೊಳಗಿನ ವರ್ಚುವಲ್‌ಬಾಕ್ಸಿನಲ್ಲಿ ಏಳಿಸುವ ವಿಧಾನ ಒಂದಿದೆ. ಅದಕ್ಕಾಗಿ ವಿಎಂಡಿಕೆ ಎಂಬ ಪುಟ್ಟ ಕಡತ ಮಾಡಿಕೊಳ್ಳುತ್ತಾರೆ. ಅದನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಆರ್‌ಡಬ್ಲ್ಯು ಎಂದು ಶುರುವಾಗುವ ಒಂದು ಸಾಲು, ಮುಂದೆ ಸೆಕ್ಟರುಗಳ ದೊಡ್ಡ ಸಂಖ್ಯೆ, ಕೊನೆಯಲ್ಲಿ ನಿಮ್ಮ ಅಸಲಿ ಡಿಸ್ಕಿನ ಹೆಸರು ಕಾಣುತ್ತದೆ. ಕಡತ ಕೆಲವೇ ಕಿಲೋಬೈಟಿನದು, ಬೆರಳು ತೋರಿಸುತ್ತಿರುವುದು ಮಾತ್ರ ಇಡೀ ಡಿಸ್ಕಿನ ಕಡೆಗೆ. ಈ ಪ್ರಯೋಗ ಮುಗಿದ ಮೇಲೆ ಎರಡು ಉಳಿಕೆಗಳು ಇರುತ್ತವೆ. ಒಂದು ವಿಂಡೋಸಿನಲ್ಲಿ: ಪರದೆ ಸರಿಹೊಂದಲೆಂದು ಹಾಕಿದ ಗೆಸ್ಟ್ ಅಡಿಷನ್ಸ್. ವರ್ಚುವಲ್‌ಬಾಕ್ಸ್ ಇದ್ದದ್ದು ಉಬುಂಟುವಿನಲ್ಲಿ ಮಾತ್ರ, ವಿಂಡೋಸಿನಲ್ಲಿ ಅದನ್ನು ಹಾಕಿಯೇ ಇಲ್ಲ ಎಂದು ನಂಬಿದವರ ವಿಂಡೋಸಿನಲ್ಲೂ ಅದರ ಡ್ರೈವರುಗಳು ಹೀಗೆ ಬಂದು ಕೂತಿರುತ್ತವೆ, ವಿಂಡೋಸ್ ನೇರವಾಗಿ ಬೂಟ್ ಆದಾಗಲೂ ಇರುತ್ತವೆ. ಅವನ್ನು ವಿಂಡೋಸಿನ ಆ್ಯಪ್ಸ್ ಪಟ್ಟಿಯಿಂದಲೇ ತೆಗೆಯಬೇಕು. ಇನ್ನೊಂದು ಉಬುಂಟುವಿನಲ್ಲಿ, ಅದು ಹೆಚ್ಚು ಗಂಭೀರ. ಅಸಲಿ ಡಿಸ್ಕನ್ನು ಮುಟ್ಟಲು ಅನುಮತಿ ಬೇಕೆಂದು ಬಳಕೆದಾರರು ತಮ್ಮನ್ನು ಡಿಸ್ಕ್ ಎಂಬ ಗುಂಪಿಗೆ ಸೇರಿಸಿಕೊಂಡಿರುತ್ತಾರೆ. ಆ ಗುಂಪಿನಲ್ಲಿರುವ ಬಳಕೆದಾರರ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಂ ಕಡತಗಳ ಅನುಮತಿಯನ್ನೆಲ್ಲ ದಾಟಿ ಇಡೀ ಡಿಸ್ಕನ್ನು ಓದಬಹುದು, ಬರೆಯಬಹುದು. ಯಾವ ಅನ್‌ಇನ್‌ಸ್ಟಾಲರೂ ಇದನ್ನು ಹಿಂತೆಗೆಯುವುದಿಲ್ಲ, ಏಕೆಂದರೆ ಸೇರಿಸಿದ್ದು ಅದಲ್ಲ, ನೀವು. ಗ್ರೂಪ್ಸ್ ಎಂಬ ಆಜ್ಞೆ ಕೊಟ್ಟು ಪಟ್ಟಿ ನೋಡಿ, ಡಿಸ್ಕ್ ಇದ್ದರೆ ಇಂದೇ ಹೊರಬನ್ನಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ, ಕೆಲವು ಎಂಬಿಯ ಕಡತ ಬಿದ್ದಿದ್ದರೆ ಬಿದ್ದಿರಲಿ ಎನ್ನುವವರಿದ್ದಾರೆ. ಸೆಟ್ಟಿಂಗ್ ಕಡತಗಳ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೋಂ ಫೋಲ್ಡರಿನಲ್ಲಿ ಉಳಿದ ಎಕ್ಸ್‌ಎಂಎಲ್ ಕಡತದಿಂದ ಯಾರಿಗೂ ಕೇಡಿಲ್ಲ. ಕರ್ನಲ್ ಡ್ರೈವರಿನ ಕಥೆ ಬೇರೆ. 2008ರಲ್ಲಿ ವರ್ಚುವಲ್‌ಬಾಕ್ಸಿನ ವಿಂಡೋಸ್ ಡ್ರೈವರಿನಲ್ಲಿ ದೊಡ್ಡ ದೋಷವೊಂದು ಬಯಲಾಯಿತು. ಸಾಮಾನ್ಯ ಬಳಕೆದಾರರೊಬ್ಬರ ಪ್ರೋಗ್ರಾಂ ಅದರ ಮೂಲಕ ಕರ್ನಲ್ಲಿನ ಅಧಿಕಾರ ಪಡೆಯಬಹುದಾಗಿತ್ತು. ಸನ್ ಅದನ್ನು 1.6.4ನೇ ಆವೃತ್ತಿಯಲ್ಲಿ ಸರಿಪಡಿಸಿತು. ಆದರೆ ಹಳೆಯ ಡ್ರೈವರಿನ ಮೇಲಿನ ಡಿಜಿಟಲ್ ಸಹಿ ಅಸಲಿಯಾದ್ದರಿಂದ ವಿಂಡೋಸ್ ಅದನ್ನು ನಂಬುತ್ತಲೇ ಇತ್ತು. ವರ್ಷಗಳ ನಂತರ, 2014ರಲ್ಲಿ, ಜರ್ಮನಿಯ ಜಿ ಡೇಟಾ ಸಂಸ್ಥೆ ವಿಶ್ಲೇಷಿಸಿದ ಉರೊಬುರೋಸ್ ಎಂಬ ಗೂಢಚಾರಿ ತಂತ್ರಾಂಶ ಅದೇ ಹಳೆಯ ಡ್ರೈವರನ್ನು ಬಳಸಿ, ಸಹಿಯಿಲ್ಲದ ಡ್ರೈವರನ್ನು ತಡೆಯುವ ವಿಂಡೋಸಿನ ರಕ್ಷಣೆಯನ್ನೇ ಕಳಚುತ್ತಿತ್ತು. ಆ ದಾಳಿಕೋರರು ಡ್ರೈವರನ್ನು ತಾವೇ ಹೊತ್ತು ತರುತ್ತಿದ್ದರು, ನಿಮ್ಮಲ್ಲಿ ಉಳಿದದ್ದನ್ನು ಕಾಯುತ್ತಿರಲಿಲ್ಲ ಎಂದು ಆಕ್ಷೇಪಿಸಬಹುದು. ಸರಿಯೇ. ಆದರೆ ಈ ಪ್ರಕರಣ ತೋರಿಸುವುದು ಹಳತಾದ ಕರ್ನಲ್ ಡ್ರೈವರ್ ಎಷ್ಟು ಬೆಲೆಬಾಳುವ ಆಯುಧವಾಗಬಲ್ಲದು ಎಂಬುದನ್ನು. ತಂತ್ರಾಂಶ ಇದ್ದಾಗ ಹೊಸ ಆವೃತ್ತಿಯ ಜೊತೆ ಡ್ರೈವರೂ ಹೊಸದಾಗುತ್ತದೆ. ತಂತ್ರಾಂಶ ಹೋಗಿ ಡ್ರೈವರ್ ಉಳಿದರೆ ಅದನ್ನು ತಿದ್ದುವವರು ಇನ್ನಾರೂ ಇಲ್ಲ, ಅದರಲ್ಲಿ ನಾಳೆ ಪತ್ತೆಯಾಗುವ ದೋಷ ನಿಮ್ಮಲ್ಲಿ ಕಾಯಂ ಆಗುತ್ತದೆ.

ಕ್ಲೀನರ್ ತಂತ್ರಾಂಶ ಇರುವಾಗ ಕೈಕೆಲಸ ಏಕೆ ಎಂಬುದು ಇನ್ನೊಂದು ಆಕ್ಷೇಪ. ಅವುಗಳಲ್ಲಿ ಹೆಚ್ಚಿನವು ಮಾಡುವುದೂ ಹೆಸರು ಮತ್ತು ವಿನ್ಯಾಸ ಹೋಲಿಸಿ ಅಳಿಸುವ ಕೆಲಸವನ್ನೇ. ರಿಜಿಸ್ಟ್ರಿಯ ಒಂದು ಸಾಲು ಯಾರದ್ದೆಂದು ಅವಕ್ಕೂ ಊಹೆ ಮಾತ್ರ. ವಿಂಡೋಸಿನಲ್ಲಿ ಓಡುವ ಕ್ಲೀನರಿಗೆ ಉಬುಂಟುವಿನ ಪಾರ್ಟಿಷನ್ ಕಾಣುವುದೂ ಇಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವುದೇ ವಾಸಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಒಂದು ಡ್ರೈವರ್ ಮತ್ತು ಎರಡು ಅಡಾಪ್ಟರಿಗಾಗಿ ಬೂಟ್‌ಲೋಡರನ್ನು, ಎರಡೂ ಸಿಸ್ಟಂಗಳನ್ನು, ಇಡೀ ದತ್ತಾಂಶವನ್ನು ಪಣಕ್ಕಿಡುವುದು ಬೇಡ.

ಅಷ್ಟಕ್ಕೂ ಫಾರ್ಮ್ಯಾಟ್ ಮಾಡಿದರೂ ಹೋಗದ ಉಳಿಕೆಯೊಂದಿದೆ, ಅದು ಡಿಸ್ಕಿನಲ್ಲಿ ಇರುವುದೇ ಇಲ್ಲ. ಸೆಕ್ಯೂರ್ ಬೂಟ್ ಚಾಲೂ ಇರುವ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸಿನ ಮಾಡ್ಯೂಲ್ ಲೋಡ್ ಆಗಬೇಕಾದರೆ ಅದಕ್ಕೆ ಸಹಿ ಬೇಕು. ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಆದಾಗ ನೀಲಿ ಪರದೆಯೊಂದನ್ನು ತೋರಿಸಿ, ಮಷೀನ್ ಓನರ್ ಕೀ ಎಂಬ ಕೀಲಿಯನ್ನು ಮದರ್‌ಬೋರ್ಡಿನ ಸ್ಮರಣೆಗೆ ಸೇರಿಸುತ್ತದೆ. ತಂತ್ರಾಂಶ ಹೋದರೂ ಈ ಕೀಲಿ ಅಲ್ಲೇ ಇರುತ್ತದೆ. ಪೂರ್ತಿ ತೆಗೆಯಬೇಕೆಂಬ ಹಟದಲ್ಲಿ ಇದನ್ನೂ ಕಿತ್ತುಹಾಕಬೇಡಿ ಎಂದೇ ಹೇಳುತ್ತೇನೆ. ಉಬುಂಟು ಅದೇ ಕೀಲಿಯಿಂದ ಎನ್‌ವಿಡಿಯಾ ಗ್ರಾಫಿಕ್ಸ್‌ನಂಥ ಬೇರೆ ಡಿಕೆಎಂಎಸ್ ಮಾಡ್ಯೂಲುಗಳಿಗೂ ಸಹಿ ಹಾಕುತ್ತದೆ. ಕೀಲಿ ಹೋದರೆ ಅವೂ ಲೋಡ್ ಆಗುವುದಿಲ್ಲ. ಬೇರೆ ಯಾವ ಮಾಡ್ಯೂಲೂ ಅದನ್ನು ನೆಚ್ಚಿಲ್ಲ ಎಂದು ಡಿಕೆಎಂಎಸ್ ಪಟ್ಟಿಯಿಂದ ಖಾತ್ರಿಯಾದರೆ ಮಾತ್ರ ಮೋಕ್‌ಯುಟಿಲ್ ಎಂಬ ಆಜ್ಞೆಯಿಂದ ತೆಗೆಯಿರಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟಿನ ಸೆಟ್ಟಿಂಗ್ ಬದಲಿಸುವ ಯೋಚನೆಯಿದ್ದರೆ ವಿಂಡೋಸಿನ ಬಿಟ್‌ಲಾಕರ್ ರಿಕವರಿ ಕೀಲಿ ಮೊದಲೇ ಕೈಯಲ್ಲಿರಲಿ.

ಕೊನೆಗೆ ಉಳಿಯುವುದು ನಿಜವಾಗಿ ಜಾಗ ತಿನ್ನುವ ವಸ್ತು, ವರ್ಚುವಲ್ ಡಿಸ್ಕ್ ಕಡತಗಳು. ವಿಡಿಐ, ವಿಎಂಡಿಕೆ, ವಿಎಚ್‌ಡಿಎಕ್ಸ್ ಎಂಬ ಬಾಲಗಳಿರುವ ಇವು ಹತ್ತಾರು ಜಿಬಿಗೆ ಬೆಳೆಯುತ್ತವೆ, ಒಳಗಿನ ಕಡತ ಅಳಿಸಿದರೂ ತಾವಾಗಿ ಕುಗ್ಗುವುದಿಲ್ಲ. ಇವನ್ನು ಅನ್‌ಇನ್‌ಸ್ಟಾಲರ್ ಬೇಕೆಂದೇ ಮುಟ್ಟುವುದಿಲ್ಲ. ಬಳಕೆದಾರರ ದತ್ತಾಂಶಕ್ಕೆ ಕೈಹಾಕದಿರುವುದು ಸರಿಯಾದ ಶಿಸ್ತು, ಇದನ್ನು ಲೋಪವೆಂದು ದೂರುವುದು ಸಲ್ಲದು. ನಮ್ಮಲ್ಲಿ ಈ ಎಚ್ಚರಕ್ಕೆ ವಿಶೇಷ ಕಾರಣವೂ ಇದೆ. ಲಿನಕ್ಸಿಗೆ ಬಂದ ಕನ್ನಡಿಗರು ವರ್ಚುವಲ್ ಮೆಷಿನ್ನಿನಲ್ಲಿ ವಿಂಡೋಸ್ ಇಟ್ಟುಕೊಳ್ಳಲು ನುಡಿ, ಬರಹದಂಥ ತಂತ್ರಾಂಶಗಳೂ ಒಂದು ನೆಪ. ಯೂನಿಕೋಡ್ ಪೂರ್ವದ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಹಳೆಯ ಬರಹಗಳು ಆ ವಿಡಿಐ ಒಳಗಷ್ಟೇ ಇರಬಹುದು. ಹಾಗಾಗಿ ಕ್ರಮ ತಿರುವುಮುರುವಾಗಬಾರದು. ತಂತ್ರಾಂಶ ಇನ್ನೂ ಇರುವಾಗಲೇ ಒಳಗಿನ ಯಂತ್ರವನ್ನು ಒಮ್ಮೆ ಏಳಿಸಿ, ಬೇಕಾದದ್ದನ್ನು ಅಕ್ಷರಶೈಲಿಗಳ ಸಮೇತ ಹೊರಗೆ ನಕಲಿಸಿ, ನಕಲು ತೆರೆದು ಓದಲು ಬರುತ್ತದೆಯೇ ನೋಡಿ. ಇಮೇಜು ಎರಡೂ ಸಿಸ್ಟಂ ಹಂಚಿಕೊಳ್ಳುವ ಪಾರ್ಟಿಷನ್ನಿನಲ್ಲಿದ್ದರೆ ಇನ್ನೊಂದು ಕಡೆಯ ವರ್ಚುವಲ್‌ಬಾಕ್ಸೂ ಅದನ್ನೇ ಬಳಸುತ್ತಿರಬಹುದು, ಅದನ್ನೂ ಗಮನಿಸಿ. ಆಮೇಲೆ ವರ್ಚುವಲ್‌ಬಾಕ್ಸಿನ ಪಟ್ಟಿಯಲ್ಲಿ ಆ ಯಂತ್ರವನ್ನು ಆಯ್ದು ರಿಮೂವ್ ಒತ್ತಿದರೆ, ಪಟ್ಟಿಯಿಂದ ಮಾತ್ರ ತೆಗೆಯಲೇ ಅಥವಾ ಎಲ್ಲ ಕಡತಗಳನ್ನೂ ಅಳಿಸಲೇ ಎಂದು ಅದು ಕೇಳುತ್ತದೆ. ಎರಡನೆಯದನ್ನು ಒತ್ತಿ, ಡಿಸ್ಕಿನಲ್ಲಿ ಜಾಗ ಮರಳಿದ್ದನ್ನು ನೋಡಿಕೊಂಡು, ಅನ್‌ಇನ್‌ಸ್ಟಾಲ್ ಶುರುಮಾಡಿ.